ಆದಾಯ ಬಿದ್ದ ದಿನ ಆಸ್ತಿಗೆ ಎಷ್ಟು ಬೆಲೆ?

(ಒಂದು ಪದವಿ ಕಾಲೇಜಿನಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಬೋರ್ಡ್ ಮೇಲೆ ಸಮೀಕರಣ ಬರೆದಿದ್ದೆ, ಇಲ್ಲಿ ಅದನ್ನೆಲ್ಲ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

2023ರ ಜುಲೈ ತಿಂಗಳನ್ನು ನೆನಪು ಮಾಡಿಕೊಳ್ಳಿ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು, ಟಿವಿ ತುಂಬ ಅದೇ ಸುದ್ದಿ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು, ಹಣ್ಣು ಬಿಡಿಸುವ ಕೂಲಿ ಹುಟ್ಟಿದರೆ ಸಾಕು ಅನ್ನುವಂತಾಗಿತ್ತು. ತೋಟ ಅದೇ, ರೈತ ಅವನೇ, ದುಡಿಮೆಯೂ ಅಷ್ಟೇ.

ಜುಲೈಯಲ್ಲಿ ಕೈತುಂಬ ದುಡ್ಡು ಕಂಡ ಮನೆ ಎಷ್ಟು ಖರ್ಚು ಮಾಡಬೇಕು, ಎಷ್ಟು ಎತ್ತಿಡಬೇಕು? ಎತ್ತಿಟ್ಟದ್ದನ್ನು ಯಾವ ರೂಪದಲ್ಲಿ ಇಡಬೇಕು? ಬ್ಯಾಂಕಿನಲ್ಲೋ, ಚಿನ್ನದಲ್ಲೋ, ಹಸುವಿನಲ್ಲೋ, ಪಕ್ಕದ ಎರಡು ಎಕರೆಯಲ್ಲೋ? ಮೊದಲ ಪ್ರಶ್ನೆಯ ಬಗ್ಗೆ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿದೆ. ಎರಡನೆಯದನ್ನು ನಾವು ಸಾಮಾನ್ಯವಾಗಿ "ಯಾವುದಕ್ಕೆ ಬಡ್ಡಿ ಜಾಸ್ತಿ" ಅನ್ನುವಲ್ಲಿಗೆ ಮುಗಿಸಿಬಿಡುತ್ತೇವೆ. ಬಡ್ಡಿ ಎಷ್ಟು ಅನ್ನುವುದಕ್ಕಿಂತ, ನಿಮ್ಮ ಆದಾಯ ಬಿದ್ದ ದಿನವೇ ಆ ಆಸ್ತಿಯ ಬೆಲೆಯೂ ಬೀಳುತ್ತದಾ ಅನ್ನುವುದು ದೊಡ್ಡ ಮಾತು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಆದರೆ ಅಲ್ಲಿಗೆ ಹೋಗಲು ಸ್ವಲ್ಪ ದಾರಿ ನಡೆಯಬೇಕು.

ಇತಿಹಾಸವನ್ನು ಓಡಿಸಿಕೊಂಡು ಹೇಳುತ್ತೇನೆ. 1928ರಲ್ಲಿ ಕೇಂಬ್ರಿಜ್‌ನ ಫ್ರಾಂಕ್ ರಾಮ್ಸೆ ಒಂದು ದೇಶ ತನ್ನ ಆದಾಯದಲ್ಲಿ ಎಷ್ಟು ಉಳಿಸಬೇಕು ಅನ್ನುವುದಕ್ಕೆ ಗಣಿತ ಬರೆದ. ಆಗ ಅವನಿಗೆ 25 ವರ್ಷ, 26ಕ್ಕೆ ತೀರಿಕೊಂಡ. ಅವನ ಲೆಕ್ಕದಲ್ಲಿ ನಾಳೆ ಏನಾಗುತ್ತದೆ ಅನ್ನುವುದು ಗೊತ್ತಿರುತ್ತಿತ್ತು. 1936ರಲ್ಲಿ ಕೇನ್ಸ್ ಬಂದು, ಈಗಿನ ಆದಾಯ ಎಷ್ಟೋ ಅದಕ್ಕೆ ತಕ್ಕಂತೆ ಜನ ಖರ್ಚು ಮಾಡುತ್ತಾರೆ ಅಂದ. 1957ರಲ್ಲಿ ಮಿಲ್ಟನ್ ಫ್ರೀಡ್‌ಮನ್, ಹಾಗಲ್ಲ, ಜನ ತಮ್ಮ ಸ್ಥಿರ ಆದಾಯ ಎಷ್ಟು ಅಂತ ಅಂದಾಜು ಮಾಡಿ ಅದರ ಮೇಲೆ ಖರ್ಚು ಮಾಡುತ್ತಾರೆ, ಒಮ್ಮೆ ಬಂದು ಹೋಗುವ ದುಡ್ಡನ್ನು ಬಹುಪಾಲು ಉಳಿಸುತ್ತಾರೆ ಅಂದ. ಕೋಲಾರದ ಜುಲೈ ದುಡ್ಡು ಈ ಒಮ್ಮೆ ಬಂದು ಹೋಗುವ ಜಾತಿಯದು. ಇದು ಸಿನಿಕತನವಲ್ಲ, ಟೊಮೆಟೊ ಬೆಳೆಯುವವರು ಯಾರನ್ನಾದರೂ ಕೇಳಿ, ಫ್ರೀಡ್‌ಮನ್ ಓದದೆಯೇ ಇದನ್ನೇ ಹೇಳುತ್ತಾರೆ.

ಫ್ರೀಡ್‌ಮನ್ ಮಾತನ್ನು ಸರಳ ಗಣಿತಕ್ಕೆ ಇಳಿಸಿದಾಗ ಒಂದು ಕೊರತೆ ಉಳಿಯಿತು. ಆ ಸರಳ ರೂಪದಲ್ಲಿ ಆದಾಯದ ಸರಾಸರಿ ಮಾತ್ರ ಲೆಕ್ಕಕ್ಕೆ ಬರುತ್ತದೆ, ಏರಿಳಿತ ಬರುವುದಿಲ್ಲ. ತಿಂಗಳಿಗೆ 30 ಸಾವಿರ ಸಂಬಳದ ಗುಮಾಸ್ತನೂ, ಒಂದು ತಿಂಗಳು 60 ಸಾವಿರ, ಇನ್ನೊಂದು ತಿಂಗಳು ಸೊನ್ನೆ ಕಾಣುವ ಗುತ್ತಿಗೆದಾರನೂ ಒಂದೇ ರೀತಿ ಖರ್ಚು ಮಾಡಬೇಕು ಅನ್ನುತ್ತದೆ ಆ ಮಾಡೆಲ್. ಇದು ಯಾರ ಮನೆಯಲ್ಲೂ ನಡೆಯುವ ಮಾತಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದೇ ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ಎಳೆಯುತ್ತೇನೆ.

ಮನೆಯ ಕೈಯಲ್ಲಿ ಈಗ 2 ಲಕ್ಷ ಇದೆ. ಮುಂದಿನ ಹಂಗಾಮಿನಲ್ಲಿ ಬೆಲೆ ಬಂದರೆ 1 ಲಕ್ಷ 80 ಸಾವಿರ, ಬೆಲೆ ಬಿದ್ದರೆ ಬರೀ 20 ಸಾವಿರ. ಎರಡಕ್ಕೂ ಸಮ ಸಾಧ್ಯತೆ, ಹಾಗಾಗಿ ಸರಾಸರಿ 1 ಲಕ್ಷ. ಸದ್ಯಕ್ಕೆ ಬಡ್ಡಿ ಇಲ್ಲ, ಸಾಲವೂ ಸಿಗುವುದಿಲ್ಲ ಅಂತಿಟ್ಟುಕೊಳ್ಳಿ. ಇನ್ನೊಂದು ವಿಷಯ ಬೇಕು: ದುಡ್ಡಿನ ಉಪಯೋಗ. ಹಸಿದವನಿಗೆ ಮೊದಲ ಮುದ್ದೆಗೆ ಇರುವ ಬೆಲೆ ಮೂರನೇ ಮುದ್ದೆಗೆ ಇರುವುದಿಲ್ಲ, ಅಲ್ವಾ? ಅದನ್ನೇ ಗಣಿತದಲ್ಲಿ ಹೀಗೆ ಬರೆಯಬಹುದು: ಖರ್ಚು ಎರಡು ಪಟ್ಟಾದರೆ ಇನ್ನೊಂದು ರೂಪಾಯಿಯಿಂದ ಸಿಗುವ ನೆಮ್ಮದಿ ಅರ್ಧಕ್ಕೆ ಇಳಿಯುತ್ತದೆ. ಗಣಿತ ಗೊತ್ತಿದ್ದವರಿಗೆ ಇದು ಲಾಗ್ ಫಂಕ್ಷನ್.

ಮುಂದಿನ ಹಂಗಾಮಿಗೆ ಖಂಡಿತ 1 ಲಕ್ಷ ಬರುತ್ತದೆ ಅಂತಿದ್ದರೆ ಲೆಕ್ಕ ಬಾಯಲ್ಲೇ ಆಗುತ್ತದೆ. ಒಟ್ಟು 3 ಲಕ್ಷ, ಎರಡು ಹಂಗಾಮು, ತಲಾ ಒಂದೂವರೆ ಲಕ್ಷ. ಅಂದರೆ ಈಗ 50 ಸಾವಿರ ಉಳಿಸಬೇಕು. ಆದರೆ ನಾಳೆ ಏನೋ ಗೊತ್ತಿಲ್ಲ ಅಂದಾಗ, ಇವತ್ತಿನ ಕೊನೆಯ ರೂಪಾಯಿಯ ನೆಮ್ಮದಿ ನಾಳೆಯ ರೂಪಾಯಿಯ ಸರಾಸರಿ ನೆಮ್ಮದಿಗೆ ಸಮ ಆಗಬೇಕು ಅನ್ನುವ ಸಮೀಕರಣ ಬಿಡಿಸಿದರೆ ಉಳಿತಾಯ ಸುಮಾರು 69 ಸಾವಿರಕ್ಕೆ ಹೋಗುತ್ತದೆ. ಸರಾಸರಿ ಆದಾಯ ಬದಲಾಗಿಲ್ಲ, ಬಡ್ಡಿ ಬಂದಿಲ್ಲ, ಆದರೂ 19 ಸಾವಿರ ಹೆಚ್ಚು. ಇದು ಭಯದ ಉಳಿತಾಯ. ಮುಂಜಾಗ್ರತೆ ಅನ್ನಿ ಬೇಕಿದ್ದರೆ. ಯಾಕೆ ಹೆಚ್ಚು ಅಂದರೆ, ಬೆಲೆ ಬಿದ್ದ ಹಂಗಾಮಿನಲ್ಲಿ ಒಂದು ರೂಪಾಯಿಗೆ ಇರುವ ತೂಕ ಬೆಲೆ ಬಂದ ಹಂಗಾಮಿನಲ್ಲಿ ಇರುವುದಿಲ್ಲ. ಆ ಕೆಟ್ಟ ದಿನಕ್ಕಾಗಿ ಇವತ್ತು ಸ್ವಲ್ಪ ಬಿಗಿ ಹಿಡಿಯುವುದು ಲಾಭವೇ.

ಇಲ್ಲಿ ಎರಡೇ ಹಂಗಾಮು ಇವೆ. ಜೀವನಪೂರ್ತಿ ಹಂಗಾಮುಗಳನ್ನು ಸೇರಿಸಿ, ಸಾಲ ಸಿಗುವುದಿಲ್ಲ ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕಿದವರು ಆಂಗಸ್ ಡೀಟನ್, 1991ರಲ್ಲಿ. (2015ರಲ್ಲಿ ಅವರಿಗೆ ನೊಬೆಲ್ ಬಂತು.) ಅದೇ ದಶಕದಲ್ಲಿ ಕ್ರಿಸ್ಟೋಫರ್ ಕ್ಯಾರಲ್ ಇದನ್ನು ಇನ್ನಷ್ಟು ಬೆಳೆಸಿದರು. ಅವರ ಮಾಡೆಲ್‌ನ ಮನೆಗೆ ಎರಡು ಗುಣ. ಒಂದು ಆತುರ: ಇವತ್ತೇ ಖರ್ಚು ಮಾಡಿಬಿಡೋಣ ಅನ್ನುವುದು. ಇನ್ನೊಂದು ಅಂಜಿಕೆ: ನಾಳೆ ಏನಾಗುತ್ತೋ ಅನ್ನುವುದು. ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಅಂಜಿಕೆ ಗೆಲ್ಲುತ್ತದೆ, ಮನೆ ಉಳಿಸುತ್ತದೆ. ದುಡ್ಡು ಸೇರಿದ ಮೇಲೆ ಆತುರ ಗೆಲ್ಲುತ್ತದೆ, ಖರ್ಚಾಗುತ್ತದೆ. ನಡುವೆ ಒಂದು ಮಟ್ಟದಲ್ಲಿ ಎರಡೂ ಸಮ ಆಗುತ್ತವೆ, ಮನೆಯ ಉಳಿತಾಯ ಅದರ ಸುತ್ತ ಮುತ್ತ ಸುಳಿದಾಡುತ್ತಿರುತ್ತದೆ. ನಮ್ಮ ಎಷ್ಟೋ ಮನೆಗಳನ್ನು ನೋಡಿದರೆ ಹಾಗೇ ಅನ್ನಿಸುವುದಿಲ್ಲವೇ? ಲಕ್ಷಗಟ್ಟಲೆ ಕೂಡಿಡುವುದೂ ಇಲ್ಲ, ಪೂರ್ತಿ ಬರಿಗೈ ಆಗುವುದೂ ಇಲ್ಲ.

ಒಂದು ಎಚ್ಚರಿಕೆ. ಈ ಉಳಿತಾಯ ಕಾಪಾಡುವುದು ಬಂದು ಹೋಗುವ ಪೆಟ್ಟಿನಿಂದ ಮಾತ್ರ. ಟೊಮೆಟೊ ಬೆಲೆ ಬಿತ್ತು, ಮುಂದಿನ ವರ್ಷ ಏರಬಹುದು, ನಡುವಿನ ಕಾಲವನ್ನು ಉಳಿತಾಯದಿಂದ ದಾಟಬಹುದು. ಬೋರ್‌ವೆಲ್ಲೇ ಬತ್ತಿತು ಅಂದರೆ ಅದು ಬೇರೆ ಕಥೆ. ಸಾವಿರ ಅಡಿ ಕೊರೆಸಿದರೂ ನೀರಿಲ್ಲ ಅಂದಾಗ ಆದಾಯ ಶಾಶ್ವತವಾಗಿ ಇಳಿಯಿತು. ಅಲ್ಲಿ ಉಳಿತಾಯವನ್ನು ಸುರಿಯುತ್ತ ಹಳೆಯ ಖರ್ಚನ್ನೇ ನಡೆಸಿದರೆ ಸ್ವಲ್ಪ ದಿನಕ್ಕೆ ಎರಡೂ ಇಲ್ಲ. ಕಷ್ಟ ಏನೆಂದರೆ ಪೆಟ್ಟು ಬಿದ್ದ ದಿನ ಅದು ಯಾವ ಜಾತಿಯದು ಅಂತ ಗೊತ್ತಾಗುವುದಿಲ್ಲ. ಮಾಡೆಲ್ ಬರೆಯುವವರು ಇದನ್ನು ಮೊದಲೇ ತಿಳಿದವರಂತೆ ಬರೆಯುತ್ತಾರೆ, ಅದು ನನಗೆ ಯಾವಾಗಲೂ ಸ್ವಲ್ಪ ಕಿರಿಕಿರಿ.

ಈಗ ನನ್ನ ಮುಖ್ಯ ವಿಷಯ. ಇಲ್ಲಿಯವರೆಗೆ ಎತ್ತಿಟ್ಟ 69 ಸಾವಿರ ಹಾಗೇ ಇರುತ್ತದೆ ಅಂದುಕೊಂಡಿದ್ದೆವು. ನಿಜದಲ್ಲಿ ಆಸ್ತಿಯ ಬೆಲೆಯೂ ಏರುತ್ತದೆ, ಇಳಿಯುತ್ತದೆ. ಅದೇ ಮನೆಗೆ ಎರಡು ಬಗೆಯ ಆಸ್ತಿ ಕೊಡೋಣ. ಮೊದಲನೆಯದು ಟೊಮೆಟೊಗೆ ಬೆಲೆ ಬಂದಾಗ ಶೇಕಡ 20 ಏರುತ್ತದೆ, ಬಿದ್ದಾಗ ಶೇಕಡ 20 ಇಳಿಯುತ್ತದೆ. ಎರಡನೆಯದು ಇದಕ್ಕೆ ಸರಿಯಾಗಿ ಉಲ್ಟಾ. ಎರಡರ ಸರಾಸರಿ ಲಾಭವೂ ಸೊನ್ನೆ, ಏರಿಳಿತದ ಅಳತೆಯೂ ಒಂದೇ. ಎರಡೂ ಆಸ್ತಿಗಳ ಬಗ್ಗೆ ಬ್ರೋಷರ್ ಅಚ್ಚು ಹಾಕಿಸಿದರೆ ಒಂದೇ ಅಂಕಿ ಬರುತ್ತದೆ, ಯಾವುದು ಯಾವುದು ಅಂತ ಹೇಳಲಾಗದು.

ಸಮೀಕರಣ ಬಿಡಿಸಿದಾಗ ಎರಡರಲ್ಲೂ ಮನೆ ಎತ್ತಿಡುವ ಮೊತ್ತ ಹೆಚ್ಚುಕಡಿಮೆ ಹಿಂದಿನಷ್ಟೇ ಬಂತು, 68ರಿಂದ 69 ಸಾವಿರ. ಆದರೆ ಕೆಟ್ಟ ಹಂಗಾಮಿನಲ್ಲಿ ಮನೆಗೆ ಸಿಗುವ ಖರ್ಚು ನೋಡಿ. ಏರಿಳಿತ ಇಲ್ಲದ ಆಸ್ತಿಯಾಗಿದ್ದರೆ 20 ಸಾವಿರ ಆದಾಯಕ್ಕೆ 69 ಸೇರಿ 89 ಸಾವಿರ. ಮೊದಲ ಬಗೆಯ ಆಸ್ತಿಯಲ್ಲಿ 75 ಸಾವಿರ. ಎರಡನೆಯದರಲ್ಲಿ 1 ಲಕ್ಷ 2 ಸಾವಿರ. ಉಳಿಸಿದ್ದು ಒಂದೇ, ಸರಾಸರಿ ಲಾಭ ಒಂದೇ, ಕಷ್ಟದ ಹಂಗಾಮಿನಲ್ಲಿ 27 ಸಾವಿರದ ವ್ಯತ್ಯಾಸ. ಹಂಗಾಮಿಗೆ 20 ಸಾವಿರ ಸಂಪಾದಿಸುವ ಹೊತ್ತಿನಲ್ಲಿ 27 ಸಾವಿರ ಅಂದರೆ ಸುಮ್ನೆ ಅಲ್ಲ. (ಈ ಮನೆಯ ಅಂಜಿಕೆ ಇನ್ನೂ ಜಾಸ್ತಿ ಅಂತ ಮಾಡೆಲ್‌ನಲ್ಲಿ ಬರೆದರೆ ಉಳಿಸುವ ಮೊತ್ತವೂ ಬೇರೆ ಬೇರೆಯಾಗುತ್ತದೆ. ಕೆಟ್ಟ ದಿನದ ಭಯಕ್ಕೆ ಹೆಚ್ಚು ಉಳಿಸೋಣ ಅನ್ನುವುದು ಒಂದು ಎಳೆತ, ಆ ದಿನ ಕಮ್ಮಿಯೇ ಕೈಗೆ ಬರುವ ಆಸ್ತಿಯಲ್ಲಿ ಯಾಕೆ ಉಳಿಸಬೇಕು ಅನ್ನುವುದು ಇನ್ನೊಂದು; ಲಾಗ್ ಫಂಕ್ಷನ್‌ನಲ್ಲಿ ಈ ಎರಡೂ ಹೆಚ್ಚುಕಡಿಮೆ ರದ್ದಾಗಿಬಿಡುತ್ತವೆ.)

ಗಣಿತದವರಿಗೆ ಇದು ಆಯ್ಲರ್ (Euler) ಸಮೀಕರಣದಲ್ಲೇ, ಅಂದರೆ ನಾವು ಬಿಡಿಸಿದ ಸಮೀಕರಣದಲ್ಲೇ ಕಾಣುತ್ತದೆ. ಇವತ್ತು ಖರ್ಚಾಗುವ ಕೊನೆಯ ರೂಪಾಯಿಯ ತೂಕ ಒಂದು ಕಡೆ. ಇನ್ನೊಂದು ಕಡೆ, ಅದೇ ರೂಪಾಯಿ ನಾಳೆ ಎಷ್ಟಾಗುತ್ತದೋ ಅದನ್ನು ನಾಳೆಯ ರೂಪಾಯಿಯ ತೂಕದಿಂದ ಗುಣಿಸಿ, ಆಮೇಲೆ ಎಲ್ಲ ಸಾಧ್ಯತೆಗಳ ಸರಾಸರಿ ತೆಗೆಯುವುದು. ಮೊದಲು ಗುಣಾಕಾರ, ಆಮೇಲೆ ಸರಾಸರಿ. ಈ ಕ್ರಮದಲ್ಲೇ ವಿಷಯ ಇರುವುದು. ಲಾಭದ ಸರಾಸರಿಯನ್ನು ಬೇರೆಯಾಗಿ, ಕಷ್ಟದ ಸರಾಸರಿಯನ್ನು ಬೇರೆಯಾಗಿ ತೆಗೆದು ಗುಣಿಸಿದರೆ ಲೆಕ್ಕ ತಪ್ಪು. ಎರಡೂ ಒಟ್ಟಿಗೆ ಹೇಗೆ ಕುಣಿಯುತ್ತವೆ ಅನ್ನುವುದು ಅಲ್ಲಿ ಮಾಯವಾಗುತ್ತದೆ.

ಇದು ಬೋರ್ಡಿನ ಲೆಕ್ಕ, ಊರಲ್ಲಿ ಹೇಗಿದೆ? ಇದಕ್ಕೆ ನಮ್ಮ ಪಕ್ಕದಲ್ಲೇ ಚಿನ್ನದಂಥ ಮಾಹಿತಿ ಇದೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1975ರಿಂದ ಒಣಭೂಮಿಯ ಕೆಲವು ಹಳ್ಳಿಗಳಲ್ಲಿ ಮನೆ ಮನೆಯ ಆದಾಯ, ಖರ್ಚು, ಆಸ್ತಿ ಎಲ್ಲವನ್ನೂ ವರ್ಷಗಟ್ಟಲೆ ಬರೆದಿಟ್ಟಿತು. ಈಗಿನ ತೆಲಂಗಾಣದ ಔರೆಪಲ್ಲಿ, ಮಹಾರಾಷ್ಟ್ರದ ಶಿರಾಪುರ ಮತ್ತು ಕಾಂಜರಾ. ಪ್ರಪಂಚದ ಅರ್ಥಶಾಸ್ತ್ರಜ್ಞರು ಈ ಮೂರು ಊರುಗಳ ಹೆಸರನ್ನು ಬಾಯಿಪಾಠ ಮಾಡಿದ್ದಾರೆ, ನಮ್ಮ ಪದವಿ ತರಗತಿಗಳಲ್ಲಿ ಇವು ಕಿವಿಗೆ ಬೀಳುವುದೇ ಅಪರೂಪ.

1993ರಲ್ಲಿ ಮಾರ್ಕ್ ರೋಸನ್‌ಸ್ವೈಗ್ ಮತ್ತು ಕೆನೆತ್ ವೋಲ್ಪಿನ್ ಈ ಊರುಗಳ ಎತ್ತುಗಳನ್ನು ನೋಡಿದರು. ಬೆಳೆ ಕೆಟ್ಟ ವರ್ಷ ರೈತರು ಎತ್ತು ಮಾರುತ್ತಾರೆ, ಒಳ್ಳೆಯ ವರ್ಷ ಕೊಳ್ಳುತ್ತಾರೆ. ಅಂದರೆ ಎತ್ತು ಉಳುವ ಪ್ರಾಣಿಯೂ ಹೌದು, ಬ್ಯಾಂಕ್ ಖಾತೆಯೂ ಹೌದು. ಆದರೆ ಈ ಖಾತೆಯಿಂದ ದುಡ್ಡು ತೆಗೆದರೆ ಮುಂದಿನ ವರ್ಷದ ಉಳುಮೆಗೇ ಪೆಟ್ಟು.

ಇನ್ನೊಂದು ಅಧ್ಯಯನ ಆಫ್ರಿಕಾದ್ದು, ನನಗೆ ಇದು ಇನ್ನೂ ಹೆಚ್ಚು ಇಷ್ಟ. 1980ರ ದಶಕದ ಮೊದಲ ವರ್ಷಗಳಲ್ಲಿ ಬುರ್ಕಿನಾ ಫಾಸೊದಲ್ಲಿ ಭೀಕರ ಬರ. ಜನ ದನಕರು ಮಾರಿ ಬದುಕಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಮಾರ್ಸೆಲ್ ಫಾಷಾಂಪ್ಸ್, ಕ್ರಿಸ್ಟೋಫರ್ ಉಡ್ರಿ, ಕ್ಯಾಥರೀನ್ ಜುಕಾಸ್ ಅಂಕಿ ಅಂಶ ತೆಗೆದು 1998ರಲ್ಲಿ ತೋರಿಸಿದ್ದು ಬೇರೆಯೇ. ಬೆಳೆ ನಷ್ಟದಲ್ಲಿ ದನ ಮಾರಿ ತುಂಬಿಕೊಂಡದ್ದು ಹೆಚ್ಚೆಂದರೆ ಶೇಕಡ 30, ಬಹುಶಃ 15ರ ಹತ್ತಿರ. ದನ ಇಟ್ಟುಕೊಂಡೇ ಜನ ಬಿಗಿ ಹಿಡಿದಿದ್ದರು. ಯಾಕಿರಬಹುದು? ನಮ್ಮ ಮೊದಲ ಬಗೆಯ ಆಸ್ತಿಯನ್ನು ನೆನಪಿಸಿಕೊಳ್ಳಿ. ಬರ ಬಂದರೆ ನನಗೊಬ್ಬನಿಗೇ ಬರುವುದಿಲ್ಲ. ಎಲ್ಲರ ಮನೆಯಲ್ಲೂ ಮೇವಿಲ್ಲ, ಎಲ್ಲರೂ ಸಂತೆಗೆ ದನ ಹೊಡೆದುಕೊಂಡು ಹೋದರೆ ಕೊಳ್ಳುವವರು ಯಾರು? ಪಕ್ಕದ ಎರಡು ಎಕರೆಗೂ ಇದೇ ಮಾತು. ಒಳ್ಳೆಯ ವರ್ಷ ಕೊಳ್ಳಲು ಪೈಪೋಟಿ, ಕೆಟ್ಟ ವರ್ಷ ಮಾರಲು ಹೋದರೆ ಕೊಳ್ಳಬೇಕಾದವರೂ ಅದೇ ಊರಿನವರು, ಅದೇ ಬೆಳೆಯವರು.

ಹಾಗಾದರೆ ಊರೊಳಗೆ ಒಬ್ಬರಿಗೊಬ್ಬರು ಆಗುವುದಿಲ್ಲವೇ? ಆಗುತ್ತಾರೆ. 1994ರಲ್ಲಿ ರಾಬರ್ಟ್ ಟೌನ್ಸೆಂಡ್ ಅದೇ ಇಕ್ರಿಸ್ಯಾಟ್ ಊರುಗಳಲ್ಲಿ ಕಂಡದ್ದು, ಒಂದು ಮನೆಯ ಖರ್ಚು ಆ ಮನೆಯ ಆದಾಯಕ್ಕಿಂತ ಇಡೀ ಊರಿನ ಸರಾಸರಿ ಖರ್ಚಿನ ಜೊತೆ ಏರಿಳಿಯುತ್ತದೆ. ಕೈಸಾಲ, ಕಾಳುಕಡಿ, ನೆಂಟಸ್ತಿಕೆ, ಏನೋ ಒಂದು ಕೆಲಸ ಮಾಡುತ್ತಿದೆ. ಅದು ಪೂರ್ತಿ ರಕ್ಷಣೆಯಲ್ಲ, ಒಂದು ಊರಿನಲ್ಲಂತೂ ಭೂಮಿ ಇಲ್ಲದವರಿಗೆ ಆ ಆಸರೆ ಉಳಿದವರಷ್ಟು ಇರಲಿಲ್ಲ. ಊರಿಗೆ ಊರೇ ಮುಳುಗಿದಾಗ ಊರೊಳಗಿನ ಕೈಸಾಲ ಏನು ಮಾಡೀತು? ಅದಕ್ಕೇ ರೋಸನ್‌ಸ್ವೈಗ್ ಮತ್ತು ಓಡೆಡ್ ಸ್ಟಾರ್ಕ್ 1989ರಲ್ಲೇ ಒಂದು ವಾದ ಮುಂದಿಟ್ಟಿದ್ದರು: ಹೆಣ್ಣುಮಕ್ಕಳನ್ನು ದೂರದ ಊರಿಗೆ ಮದುವೆ ಮಾಡಿಕೊಡುವುದರ ಹಿಂದೆ ಈ ಲೆಕ್ಕವೂ ಇದೆ. ಬೀಗರ ಊರಿನ ಮಳೆ ಬೇರೆ, ನಮ್ಮ ಮಳೆ ಬೇರೆ. ಓದಿದಾಗ ನನಗೆ ಸ್ವಲ್ಪ ಕಸಿವಿಸಿಯೇ ಆಯಿತು, ಮದುವೆಯನ್ನು ಇಷ್ಟು ಒಣ ಲೆಕ್ಕವಾಗಿ ನೋಡುವುದೇ ಅಂತ. ಆದರೆ ಅಂಕಿಗಳು ಅದನ್ನೇ ಹೇಳುತ್ತವೆ. ಇದಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ಅದೇ ಊರುಗಳ ಮಾಹಿತಿಯಿಂದ 1997ರಲ್ಲಿ ಹನನ್ ಜಾಕೋಬಿ ಮತ್ತು ಇಮ್ಯಾನುಯೆಲ್ ಸ್ಕೂಫಿಯಾಸ್ ತೋರಿಸಿದ ಹಾಗೆ, ಆದಾಯ ಬಿದ್ದಾಗ ಮಕ್ಕಳ ಶಾಲೆಯ ಹಾಜರಿ ಇಳಿಯುತ್ತದೆ. ಬೇರೆ ಆಸ್ತಿ ಕೈಗೆ ಬರದಿದ್ದಾಗ ಮನೆ ಅದನ್ನು ಮಾರುತ್ತದೆ.

ಇದು ಹಳ್ಳಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಲೆಕ್ಕದ ಮೋಸ ಹೊರಬಂತು. ಒಂದೇ ದಿನದಲ್ಲಿ ಷೇರು ಮುಕ್ಕಾಲು ಪಾಲಿಗಿಂತ ಹೆಚ್ಚು ಬಿತ್ತು. ಅಲ್ಲಿ ಕೆಲಸ ಮಾಡುತ್ತ, ಕಂಪನಿಯ ಷೇರನ್ನೇ ಉಳಿತಾಯವಾಗಿ ಇಟ್ಟುಕೊಂಡಿದ್ದವರ ಸಂಬಳಕ್ಕೂ ಕಂಟಕ, ಗಂಟಿಗೂ ಕಂಟಕ, ಅದೂ ಒಂದೇ ಬೆಳಗ್ಗೆ. ಬೆಂಗಳೂರಿನಲ್ಲಿ ಐಟಿ ಸಂಬಳ, ಅದೇ ಕಂಪನಿಯ ಷೇರು, ಐಟಿ ಕಾರಿಡಾರಿನಲ್ಲೇ ಸಾಲದ ಫ್ಲಾಟ್, ಈ ಮೂರನ್ನೂ ಹಿಡಿದವರು ಎಷ್ಟು ಜನ ಇಲ್ಲ? ಅವರು ಮೂರು ಕಡೆ ಹಂಚಿಟ್ಟಿದ್ದೇವೆ ಅಂದುಕೊಂಡಿರುತ್ತಾರೆ. ಮಾಡೆಲ್‌ನ ಕಣ್ಣಿಗೆ ಅದು ಒಂದೇ ಆಸ್ತಿ.

ಚಿನ್ನದ ವಿಷಯ ಕೇಳುತ್ತೀರಿ ಅಂತ ಗೊತ್ತು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇಕಡ 13 ಬಿತ್ತು. ಆಮೇಲೆ ಎಷ್ಟೋ ಜನರ ಸಂಬಳ ಕಟ್ ಆಯಿತು. ಚಿನ್ನ ಮಾತ್ರ ವರ್ಷದ ಮೊದಲಲ್ಲಿ 10 ಗ್ರಾಂಗೆ 40 ಸಾವಿರದ ಆಸುಪಾಸಿನಲ್ಲಿದ್ದದ್ದು ಆಗಸ್ಟ್‌ನಲ್ಲಿ 55 ಸಾವಿರ ಮುಟ್ಟಿತು. ಆ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್, ಒಡವೆ ಅಡವಿಟ್ಟರೆ ಬ್ಯಾಂಕುಗಳು ಕೊಡಬಹುದಾದ ಸಾಲವನ್ನು ಅದರ ಬೆಲೆಯ ಶೇಕಡ 75ರಿಂದ 90ಕ್ಕೆ ಏರಿಸಿತು, ಮುಂದಿನ ಮಾರ್ಚ್‌ವರೆಗೆ. ಕೆಟ್ಟ ದಿನ ಬಂದಾಗ ಬೆಲೆ ಏರಿದ ಆಸ್ತಿ, ಅದರ ಮೇಲೆ ಸಾಲವೂ ಸುಲಭ. ನಮ್ಮ ಎರಡನೇ ಬಗೆಯ ಆಸ್ತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಚಿನ್ನ ಕೊಳ್ಳಿ ಅಂತ ನಾನು ಹೇಳುತ್ತಿಲ್ಲ, 2013ರಿಂದ 2015ರವರೆಗೆ ಅದೇ ಚಿನ್ನ ಇಳಿಯುತ್ತ ಹೋಗಿತ್ತು, ಜೊತೆಗೆ ಮಜೂರಿ, ವೇಸ್ಟೇಜ್ ಅಂತ ಕೊಳ್ಳುವ ದಿನವೇ ಒಂದಿಷ್ಟು ಹೋಗಿರುತ್ತದೆ. ಆದರೆ "ಹಳ್ಳಿಯವರಿಗೆ ಹೂಡಿಕೆ ಗೊತ್ತಿಲ್ಲ, ಸುಮ್ನೆ ಚಿನ್ನ ಕೂಡಿಡ್ತಾರೆ" ಅನ್ನುವ ಪೇಟೆಯ ಮಾತಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮಳೆಗೂ ಟೊಮೆಟೊಗೂ ಸಂಬಂಧ ಇಲ್ಲದ ಬೆಲೆ ಅದು. ಊರಿನ ಸಂತೆಯಲ್ಲಿ ನಿರ್ಧಾರ ಆಗುವುದಿಲ್ಲ.

ಇನ್ನು ಶ್ರೀಮಂತಿಕೆ ಹೇಗೆ ಹರಡುತ್ತದೆ ಅನ್ನುವ ವಿಷಯವನ್ನು ಬೇಗ ಮುಗಿಸುತ್ತೇನೆ. ಭಾರತ ಮೂಲದ ಎಸ್. ರಾವ್ ಅಯ್ಯಗಾರಿ 1994ರಲ್ಲಿ ಇಂಥ ಲಕ್ಷಾಂತರ ಮನೆಗಳನ್ನು ಒಂದೇ ಆರ್ಥಿಕತೆಯಲ್ಲಿ ಕೂರಿಸಿ ಲೆಕ್ಕ ಹಾಕಿದರು. ಎಲ್ಲರೂ ಒಂದೇ ಸ್ವಭಾವದವರು, ಅದೃಷ್ಟ ಮಾತ್ರ ಬೇರೆ. ಭಯದ ಉಳಿತಾಯದಿಂದ ದೇಶದ ಒಟ್ಟು ಉಳಿತಾಯ ಏರುವುದು ಸ್ವಲ್ಪವೇ ಅಂತ ಬಂತು. ಆದರೆ ಆ ಮಾಡೆಲ್‌ನಲ್ಲಿ ತೀರಾ ದೊಡ್ಡ ಕುಳಗಳು ಹುಟ್ಟುವುದೇ ಇಲ್ಲ. ಎಲ್ಲರಿಗೂ ಒಂದೇ ಬಡ್ಡಿ, ಸಂಬಳ ಮಾತ್ರ ಏರಿಳಿತ ಅಂತಿಟ್ಟರೆ ತೀರಾ ಮೇಲಿನ ತುದಿಯಲ್ಲಿ ಸಂಪತ್ತಿನ ಅಂತರ ಆದಾಯದ ಅಂತರವನ್ನು ಮೀರಿ ಬೆಳೆಯುವುದು ಸಾಧ್ಯವಿಲ್ಲ ಅಂತ 2019ರಲ್ಲಿ ಜಾನ್ ಸ್ಟಾಚುರ್ಸ್ಕಿ ಮತ್ತು ಅಲೆಕ್ಸಿಸ್ ಟೋಡಾ ಗಣಿತದಲ್ಲಿ ಸಾಧಿಸಿಯೇಬಿಟ್ಟರು. ಆಸ್ತಿಯ ಲಾಭವೂ ಮನೆಯಿಂದ ಮನೆಗೆ ಬೇರೆಯಾಗಿ ಏರಿಳಿಯಬೇಕು, ಆಗ ಲಾಭದ ಮೇಲೆ ಲಾಭ ಗುಣಿಸುತ್ತ ಹೋಗಿ ಕೆಲವೇ ಜನ ಬಹಳ ಮೇಲೆ ಹೋಗುತ್ತಾರೆ. ಬೆನ್‌ಹಬೀಬ್, ಬಿಸಿನ್, ಜೂ ಈ ಮಾತನ್ನು 2011ರಲ್ಲೇ ಹೇಳಿದ್ದರು. ಸಂಬಳ ಕೂಡುತ್ತದೆ, ಲಾಭ ಗುಣಿಸುತ್ತದೆ, ಅಷ್ಟೇ.

ಇದನ್ನು ಕಂಪ್ಯೂಟರ್‌ನಲ್ಲಿ ಮಾಡುವುದು ಹೇಗೆ ಅಂತ ಒಬ್ಬ ವಿದ್ಯಾರ್ಥಿ ಮೊದಲೇ ಚೀಟಿ ಕಳಿಸಿದ್ದ. "ಕೈಯಲ್ಲಿ ಇಷ್ಟಿದ್ದರೆ ಇಷ್ಟು ಖರ್ಚು" ಅನ್ನುವ ಒಂದು ನಿಯಮವನ್ನು ಊಹೆ ಮಾಡಿ. ನಾಳೆ ಆ ನಿಯಮ ಪಾಲಿಸುತ್ತೇನೆ ಅಂದುಕೊಂಡು ಇವತ್ತಿಗೆ ಯಾವುದು ಒಳ್ಳೆಯದು ಅಂತ ಬಿಡಿಸಿ. ಹೊಸ ನಿಯಮ ಸಿಗುತ್ತದೆ. ಅದನ್ನೇ ನಾಳೆಗೆ ಇಟ್ಟು ಮತ್ತೆ ಬಿಡಿಸಿ. ನಿಯಮ ಬದಲಾಗುವುದು ನಿಲ್ಲುವವರೆಗೆ ಹೀಗೇ. ರಿಚರ್ಡ್ ಬೆಲ್‌ಮನ್ 1950ರ ದಶಕದಲ್ಲಿ ಹಾಕಿಕೊಟ್ಟ ದಾರಿ ಇದು. 2006ರಲ್ಲಿ ಕ್ಯಾರಲ್ ಒಂದು ಜಾಣ ಉಪಾಯ ಸೇರಿಸಿದರು: ಕೈಯಲ್ಲಿರುವ ದುಡ್ಡಿನಿಂದ ಶುರು ಮಾಡಬೇಡಿ, ಎತ್ತಿಡುವ ದುಡ್ಡಿನಿಂದ ಶುರು ಮಾಡಿ ಹಿಂದಕ್ಕೆ ಬನ್ನಿ, ಆಗ ಪ್ರತಿ ಬಾರಿ ಸಮೀಕರಣ ಬಿಡಿಸುವ ಗೋಳೇ ಇಲ್ಲ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್‌ನಲ್ಲಿ ಬರೆದರೆ ಚಹಾ ಆರುವುದರೊಳಗೆ ಉತ್ತರ. ನಾನು ಕೊಟ್ಟ ಎರಡು ಹಂಗಾಮಿನ ಲೆಕ್ಕಕ್ಕಂತೂ ಕ್ಯಾಲ್ಕುಲೇಟರ್ ಸಾಕು, ಮನೆಗೆ ಹೋಗಿ ಮಾಡಿ ನೋಡಿ.

ಪ್ರಶ್ನೆಗಳ ವಿಷಯ. ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಕೇಳಿದರು: "ಸಾರ್, ನಾವು ಚೀಟಿ ಹಾಕ್ತೀವಲ್ಲ, ಅದು ಯಾವ ಬಗೆ?" ಒಳ್ಳೆಯ ಪ್ರಶ್ನೆ. ಚೀಟಿಯಲ್ಲಿ ಕಷ್ಟ ಬಂದವರು ಹರಾಜಿನಲ್ಲಿ ಕೂಗಿ ಮೊದಲೇ ಎತ್ತಬಹುದು, ಹಾಗಾಗಿ ಉಳಿತಾಯವೂ ಹೌದು, ಸಾಲವೂ ಹೌದು. ಸದಸ್ಯರಲ್ಲಿ ಒಬ್ಬರು ಟೀಚರು, ಒಬ್ಬರು ಹೋಟೆಲ್‌ನವರು, ಒಬ್ಬರು ದರ್ಜಿ ಅಂತಿದ್ದರೆ ಬಹಳ ಚೆನ್ನಾಗಿ ನಡೆಯುತ್ತದೆ. ಇಪ್ಪತ್ತು ಜನವೂ ಟೊಮೆಟೊ ಬೆಳೆಯುವವರಾದರೆ ಬೆಲೆ ಬಿದ್ದ ತಿಂಗಳು ಇಪ್ಪತ್ತು ಜನರೂ ಕೂಗುತ್ತಾರೆ, ಎತ್ತಿದವರಿಗೆ ಕೈಗೆ ಸಿಗುವುದು ಬಹಳ ಕಮ್ಮಿ. "ನಮ್ಮದು ಎಲ್ಲ ಒಂದೇ ಗಾರ್ಮೆಂಟ್ಸ್‌ನವರು" ಅಂದರು ಅವರು. ಹಾಗಿದ್ದರೆ ಬೇರೆ ಬೀದಿಯ ಒಂದು ಚೀಟಿಗೂ ಸೇರಿ ಅಂದೆ. ಅಲ್ಲಿ ನಂಬಿಕೆಯವರು ಬೇಕಲ್ಲ ಅಂದರು. ಅದೂ ನಿಜವೇ, ಪರಿಚಯ ಇರುವ ಕಡೆ ಎಲ್ಲರಿಗೂ ಒಂದೇ ಕಷ್ಟ, ಕಷ್ಟ ಬೇರೆ ಇರುವ ಕಡೆ ಪರಿಚಯವಿಲ್ಲ. ನನ್ನ ಹತ್ತಿರ ಇದಕ್ಕೆ ಮಾಡೆಲ್ ಇಲ್ಲ ಅಂತ ಒಪ್ಪಿಕೊಂಡೆ.

ಇನ್ನೊಬ್ಬರು, "ಆರು ತಿಂಗಳ ಖರ್ಚು ಎತ್ತಿಡಿ ಅಂತಾರಲ್ಲ, ಅದು ಸರಿಯಾ?" ಎಲ್ಲರಿಗೂ ಒಂದೇ ಅಂಕಿ ಹೇಗೆ ಸರಿಯಾದೀತು? ಸರ್ಕಾರಿ ನೌಕರರಿಗೆ ಅಷ್ಟು ಬೇಡ. ವರ್ಷಕ್ಕೆ ಎರಡು ಬೆಳೆ ನಂಬಿದ ಮನೆಗೆ ಒಂದು ಬೆಳೆ ಹೋದರೇ ಆರು ತಿಂಗಳಾಯಿತು, ಅಲ್ಲಿಗೆ ಒಂದು ವರ್ಷದ್ದಾದರೂ ಬೇಕು.

ಕೊನೆಗೆ ಒಬ್ಬ ಯುವ ರೈತ ಕೇಳಿದ, ಹೆಂಡತಿ ಸರ್ಕಾರಿ ಶಾಲೆಯ ಟೀಚರು, ತಾನು ಟೊಮೆಟೊ ಮತ್ತು ಕ್ಯಾಪ್ಸಿಕಂ, ಕೈಯಲ್ಲಿ ಸ್ವಲ್ಪ ದುಡ್ಡಿದೆ, ಪಕ್ಕದ ಜಮೀನು ಮಾರಾಟಕ್ಕಿದೆ, ಏನು ಮಾಡಲಿ ಅಂತ. ಹೆಂಡತಿಯ ಸಂಬಳ ನಿಮ್ಮ ಮನೆಯ ಫಿಕ್ಸೆಡ್ ಡೆಪಾಸಿಟ್ ಇದ್ದಹಾಗೆ ಅಂದೆ, ಅದಿರುವಾಗ ಬೇರೆ ಉಳಿತಾಯದಲ್ಲಿ ಸ್ವಲ್ಪ ಏರಿಳಿತ ತಡೆದುಕೊಳ್ಳಬಹುದು, ಷೇರು ಫಂಡ್ ಆದರೂ ಪರವಾಗಿಲ್ಲ. ಆದರೆ ಪಕ್ಕದ ಜಮೀನು ಕೊಂಡರೆ ಅದೇ ಬೋರ್‌ವೆಲ್, ಅದೇ ಮಾರುಕಟ್ಟೆ, ಅದೇ ಬೆಲೆಗೆ ಇನ್ನೊಂದಿಷ್ಟು ದುಡ್ಡು ಕಟ್ಟಿದಂತೆ. "ಜಮೀನು ಮತ್ತೆ ಸಿಗಲ್ಲ ಸಾರ್" ಅಂದ. ಸಿಗುತ್ತದೆ, ಬೆಲೆ ಬಿದ್ದ ವರ್ಷ ಮಾರುವವರು ಬರುತ್ತಾರೆ, ಆಗ ನಿಮ್ಮ ಕೈಯಲ್ಲಿ ಟೊಮೆಟೊಗೆ ಸಂಬಂಧವಿಲ್ಲದ ದುಡ್ಡು ಇದ್ದರೆ ನೀವೇ ಕೊಳ್ಳಬಹುದು ಅಂದೆ. ಹೆಂಡತಿಯನ್ನು ಕೇಳಿ ಹೇಳ್ತೀನಿ ಅಂತ ಕೂತ.